ವೇಗಕ್ಕೊಂದು ಸಾಕ್ಷಿ

ನಾನು ಕಾರು ಓಡಿಸಲು ಕಲಿತದ್ದು 48ನೆಯ ವಯಸ್ಸಿನಲ್ಲಿ. ಮೊಮ್ಮಕ್ಕಳನ್ನು ಆಡಿಸುವ ಕಾಲಕ್ಕೆ ಇವಳಿಗೇಕೆ ಈ ಹುಚ್ಚು ಎಂದು ನೆಂಟರಿಷ್ಟರು ನಕ್ಕದ್ದುಂಟು. ಮಂಡ್ಯದ ನಮ್ಮ ಮನೆಯಿಂದ ಶಾಲೆಯಿರುವ ಹಳ್ಳಿಗೆ 22 ಕಿಲೋಮೀಟರು. ಬೆಳಗಿನ ಬಸ್ಸು ತಪ್ಪಿದರೆ ಪ್ರಾರ್ಥನೆಯ ಹೊತ್ತಿಗೆ ತಲುಪುವಂತಿರಲಿಲ್ಲ. ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸುವ ಮಿಸ್ಸೇ ತಡವಾಗಿ ಬಂದರೆ ಅವರ ಮುಖ ನೋಡುವುದು ಹೇಗೆ? ಹಾಗಾಗಿ ಕಲಿತೆ. ಈಗ ಬಸ್ಸಿಗೆ ಕಾಯುವ ಸಹೋದ್ಯೋಗಿಗಳು ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಬರುತ್ತಾರೆ, ಯಾರೂ ನಗುವುದಿಲ್ಲ.

ಒಂದು ಭಾನುವಾರ ಬೆಂಗಳೂರಿನಿಂದ ಬಂದ ಮಗ ಕಾರಿನ ಸ್ಟಿಯರಿಂಗ್ ಪಕ್ಕಕ್ಕೆ ಮೊಬೈಲು ನಿಲ್ಲಿಸುವ ಸ್ಟ್ಯಾಂಡೊಂದನ್ನು ಅಂಟಿಸಿ, ಅದರಲ್ಲಿ ನಕ್ಷೆ ತೆರೆದು ತೋರಿಸಿದ. ದಾರಿಯ ಗೆರೆಯ ಕೆಳಗೆ ಎರಡು ಅಂಕಿಗಳು. ಒಂದು ನಾವು ಹೋಗುತ್ತಿರುವ ವೇಗ, ಇನ್ನೊಂದು ಆ ರಸ್ತೆಯ ವೇಗಮಿತಿ. ಮಿತಿ ಮೀರಿದರೆ ನಮ್ಮ ಅಂಕಿ ಕೆಂಪಾಗುತ್ತದೆ. "ಅಮ್ಮಾ, ಇನ್ನು ನೀನು ಬೋರ್ಡು ಹುಡುಕಬೇಕಾಗಿಲ್ಲ" ಎಂದ. ನಿಜವಾಗಿಯೂ ಅದು ಉಪಕಾರವೇ. ನಮ್ಮ ಕಡೆ ವೇಗಮಿತಿಯ ಬೋರ್ಡು ಒಂದೋ ಹೊಂಗೆ ಮರದ ಕೊಂಬೆಯ ಹಿಂದಿರುತ್ತದೆ, ಇಲ್ಲವೇ ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದಿರುತ್ತದೆ.

ನಾನು ಸಮಾಜ ಪಾಠ ಮಾಡುವವಳು. ಇದು ಹೇಗೆ ಕೆಲಸ ಮಾಡುತ್ತದೆಂದು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಭೂಮಿಯಿಂದ ಸುಮಾರು 20,000 ಕಿಲೋಮೀಟರು ಎತ್ತರದಲ್ಲಿ ಉಪಗ್ರಹಗಳು ಸುತ್ತುತ್ತಿರುತ್ತವೆ. ಕಡಿಮೆಯೆಂದರೆ ನಾಲ್ಕರ ಸಂಕೇತವನ್ನು ಕೇಳಿಸಿಕೊಂಡು ಮೊಬೈಲು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ ಎಂದರು. ರೈಲು ಹತ್ತಿರ ಬರುವಾಗ ಅದರ ಸೀಟಿ ಒಂದು ಬಗೆ, ದಾಟಿ ಹೋದಾಗ ಇನ್ನೊಂದು ಬಗೆ ಕೇಳಿಸುವುದಿಲ್ಲವೇ, ಸಂಕೇತದಲ್ಲಾಗುವ ಅಂಥದೇ ವ್ಯತ್ಯಾಸದಿಂದ ವೇಗವೂ ತಿಳಿಯುತ್ತದೆಯಂತೆ. ಕಾರಿನೊಳಗಿನ ಮುಳ್ಳಾದರೋ ಚಕ್ರದ ಸುತ್ತು ಎಣಿಸಿ ಹೇಳುವುದು. ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದೆಂದು ತಯಾರಿಸುವವರು ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ. ಮುಳ್ಳು 80 ಎಂದಾಗ ಮೊಬೈಲು 76 ಎನ್ನುವುದು ಆ ಕಾರಣಕ್ಕೆ.

ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮವರು, "ಹಾಗಾದರೆ ಇನ್ನೂ ನಾಲ್ಕು ಕಿಲೋಮೀಟರು ಜೋರಾಗಿ ಹೋಗಬಹುದಲ್ಲ!" ಎಂದರು. ನಾನೂ ನಕ್ಕೆ. ನಮ್ಮ ನಡುಮನೆಯ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟವಳು ನಾನೇ. ಮನೆಯ ಪ್ರತಿಯೊಬ್ಬರೂ ಅದನ್ನು ನೋಡಿ, ಮನಸ್ಸಿನಲ್ಲೇ ಐದು ಕಳೆದು, ನಿಧಾನವಾಗಿ ಕಾಫಿ ಕುಡಿಯುತ್ತಾರೆ. ನಮ್ಮ ಒಳ್ಳೆಯದಕ್ಕೆಂದು ಯಾರೋ ಬಿಟ್ಟುಕೊಟ್ಟ ಜಾಗವನ್ನು ನಮ್ಮದೇ ಆಸ್ತಿಯೆಂದು ಒತ್ತುವರಿ ಮಾಡಿಕೊಳ್ಳುವುದರಲ್ಲಿ ನಾವು ಎಷ್ಟು ಜಾಣರು!

ಈ ಜಾಣತನವನ್ನು ನೋಡಬೇಕೆಂದರೆ ಮಂಡ್ಯದವರು ದೂರ ಹೋಗಬೇಕಾಗಿಲ್ಲ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ರಸ್ತೆ ನುಣುಪಾದಷ್ಟೂ ಅಪಘಾತಗಳ ಸುದ್ದಿ ಹೆಚ್ಚಾಯಿತು. ಆ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ಆಗಸ್ಟಿನಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ ಹಾಕಿ, ಕ್ಯಾಮೆರಾಗಳನ್ನೂ ನಿಲ್ಲಿಸಿದರು. ಮುಂದೆ ಕ್ಯಾಮೆರಾ ಇದೆಯೆಂದು ಮೊಬೈಲೇ ಎಚ್ಚರಿಸುತ್ತದೆ. ಆಗ ನೋಡಬೇಕು, ಹಾರುತ್ತಿದ್ದ ಕಾರುಗಳೆಲ್ಲ ಗುರುಪಾದಕ್ಕೆ ಬಂದ ಶಿಷ್ಯರಂತೆ ತಲೆ ತಗ್ಗಿಸಿ ಸಾಗುತ್ತವೆ. ಕ್ಯಾಮೆರಾ ದಾಟಿತೋ, ಮತ್ತೆ ಅದೇ ಹಾರಾಟ. "ದಾಟಿತಲ್ಲ, ಇನ್ನು ಹೋಗು" ಎಂದು ಪಕ್ಕದಲ್ಲಿ ಕುಳಿತವರು ನನಗೂ ಹೇಳಿದ್ದಾರೆ, ನಾನೂ ಹೋಗಿದ್ದೇನೆ.

ಆಗೆಲ್ಲ ನನಗೆ ನೆನಪಾಗುವುದು ತರಗತಿಯ ಕರಿಹಲಗೆ. ಮುಖ್ಯೋಪಾಧ್ಯಾಯರು ಕರೆದರೆಂದು ಹೊರಗೆ ಹೋಗುವಾಗ ಲೀಡರ್ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು, "ಮಾತಾಡಿದವರ ಹೆಸರು ಬರೆ" ಎನ್ನುತ್ತೇವೆ. ತರಗತಿ ಸದ್ದಿಲ್ಲದೆ ಕೂರುತ್ತದೆ. ಲೀಡರ್ ನೀರು ಕುಡಿಯಲು ಹೋದರೆ ಸಾಕು, ಸಂತೆ. ಹಾಗಾದರೆ ಆ ಮಕ್ಕಳು ಮೌನವಾಗಿದ್ದರೇ, ಅಥವಾ ಸೀಮೆಸುಣ್ಣಕ್ಕೆ ಹೆದರಿದ್ದರೇ? 30 ವರ್ಷ ಪಾಠ ಮಾಡಿದ ಮೇಲೂ ಈ ಪ್ರಶ್ನೆಗೆ ನನ್ನಲ್ಲಿ ನೇರವಾದ ಉತ್ತರವಿಲ್ಲ.

ಜೊತೆಯ ಶಿಕ್ಷಕಿಯೊಬ್ಬರು ಇದಕ್ಕೆ ಒಪ್ಪುವುದಿಲ್ಲ. "ಭಯದಿಂದಲೋ ಭಕ್ತಿಯಿಂದಲೋ, ಕಾರು ನಿಧಾನವಾದರೆ ಸಾಲದೇ? ರಸ್ತೆ ದಾಟುವ ಮುದುಕಿಗೆ ನಿಮ್ಮ ಮನಸ್ಸಾಕ್ಷಿ ಕಟ್ಟಿಕೊಂಡು ಏನಾಗಬೇಕು?" ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಎಲ್ಲರೂ ಒಳ್ಳೆಯವರಾಗುವ ತನಕ ಮುದುಕಿ ರಸ್ತೆಯ ಅಂಚಿನಲ್ಲೇ ಕಾಯಬೇಕೆಂದರೆ ಅದು ನ್ಯಾಯವಲ್ಲ. 2019ರ ಜುಲೈಯಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳು 80 ದಾಟಿದರೆ ಕೂಗಿ ಎಚ್ಚರಿಸಲೇಬೇಕೆಂಬ ನಿಯಮ ಬಂದದ್ದೂ ಇದೇ ತರ್ಕದಿಂದ. ನನ್ನ ಕಾರು ಅದಕ್ಕಿಂತ ಹಳೆಯದು, ಅದಕ್ಕೆ ಬಾಯಿಲ್ಲ. ಆ ಕೊರತೆಯನ್ನು ಮಗ ತಂದ ಸ್ಟ್ಯಾಂಡು ತುಂಬಿತ್ತು. ಅಂಕಿ ಕೆಂಪಾಗದಂತೆ ನೋಡಿಕೊಂಡರೆ ನಾನು ಒಳ್ಳೆಯ ಚಾಲಕಿ ಎಂದು ನೆಮ್ಮದಿಯಿಂದಿದ್ದೆ.

ಆ ನೆಮ್ಮದಿ ಒಂದು ಸಂಜೆ ಹೋಯಿತು. ಸಂಕ್ರಾಂತಿ ಕಳೆದ ಮೇಲಿನ ದಿನಗಳು, ಕಬ್ಬು ಸಾಗಿಸುವ ಕಾಲ. ಶಾಲೆ ಬಿಟ್ಟು ಮನೆಗೆ ಹೊರಟಿದ್ದೆ. ಅಂದು ಕಾರಿನಲ್ಲಿ ನಾನೊಬ್ಬಳೇ. ಪರದೆಯ ಮೇಲೆ ಮಿತಿ 60 ಎಂದಿತ್ತು, ನನ್ನ ವೇಗ 54. ಊರ ಕೊನೆಯಲ್ಲಿ, ಆಲೆಮನೆಯ ಎದುರು, ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಿಂತಿತ್ತು. ಅದರ ಹಿಂದಿನಿಂದ ಒಂದು ಜಲ್ಲೆ ಕಿತ್ತುಕೊಂಡ ಹುಡುಗಿ ಗೆದ್ದ ಖುಷಿಯಲ್ಲಿ ನೇರ ರಸ್ತೆಗೆ ಓಡಿಬಂದಳು. ಬ್ರೇಕು ತುಳಿದದ್ದು ನಾನೋ ನನ್ನ ಕಾಲೋ ತಿಳಿಯದು. ಕಾರು ಕಿರುಚಿ ನಿಂತಾಗ ನಡುವೆ ಎರಡು ಮಾರು ಅಂತರ. ಹುಡುಗಿಯ ಕೈಯ ಕಬ್ಬು ಕೆಳಗೆ ಬಿತ್ತು. ಗಾಜಿನಾಚೆಗೆ ನನ್ನ ಮುಖ ನೋಡಿದಳು. ನಮ್ಮ ಶಾಲೆಯ ಐದನೆಯ ತರಗತಿಯವಳು. ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿ, "ನಮಸ್ತೆ ಮಿಸ್" ಎಂದಳು.

ಆಲೆಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬಳು ಎದ್ದು ಬಂದು, "ಎಲ್ ನೋಡ್ಕೊಂಡ್ ಬತ್ತಿದ್ರವ್ವಾ?" ಎಂದು ಕೇಳಿದಳು. ಬೈಗುಳವಲ್ಲ, ಬರಿಯ ಪ್ರಶ್ನೆ. ನಾನು ಎಲ್ಲಿ ನೋಡುತ್ತಿದ್ದೆ? ಅಂಕಿಯನ್ನು ನೋಡುತ್ತಿದ್ದೆ. ಅಂಕಿ ಕೆಂಪಾಗಿಲ್ಲವಲ್ಲ ಎಂದು ನೋಡುತ್ತಿದ್ದೆ. ಅಜ್ಜಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ.

ಗಂಟೆಗೆ 54 ಕಿಲೋಮೀಟರು ಎಂದರೆ ಸೆಕೆಂಡಿಗೆ 15 ಮೀಟರು ಎಂದು ಆ ರಾತ್ರಿ ಲೆಕ್ಕ ಹಾಕಿದೆ. ಒಮ್ಮೆ ಕಣ್ಣು ಹೊರಳಿಸಿ ಪರದೆ ನೋಡಿ ಮತ್ತೆ ರಸ್ತೆಗೆ ತರುವಷ್ಟರಲ್ಲಿ ನನ್ನ ತರಗತಿಯ ಕೋಣೆಗಿಂತ ಉದ್ದದ ದಾರಿ ಕುರುಡಾಗಿ ಕಳೆದಿರುತ್ತದೆ. ಮನೆಯಲ್ಲಿ ಒಂದು ವಾರ ಯಾರಿಗೂ ಹೇಳಲಿಲ್ಲ. ದಂಡವಿಲ್ಲ, ಕ್ಯಾಮೆರಾವಿಲ್ಲ, ಮಿತಿ ಮೀರಿದ್ದೂ ಇಲ್ಲ. ಕಾನೂನಿನ ಕರಿಹಲಗೆಯ ಮೇಲೆ ನನ್ನ ಹೆಸರೇ ಇರಲಿಲ್ಲ. ಹಾಗಿದ್ದೂ ಏಕೆ ಮುಚ್ಚಿಟ್ಟೆ? ತಪ್ಪು ಮಾಡಿಲ್ಲ ಎನ್ನುವುದಕ್ಕೂ ಸರಿಯಾಗಿ ನಡೆದೆ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆಯೆಂದು ನನಗೆ ಗೊತ್ತಾಗಿಬಿಟ್ಟಿತ್ತು.

ಉಪಗ್ರಹದ ಸಂಕೇತದಿಂದ ನನ್ನ ವೇಗ ತಿಳಿಯುತ್ತದೆ. ಮಿತಿ ಅದರಿಂದ ತಿಳಿಯದು. ಮಿತಿಯ ಅಂಕಿ ನಕ್ಷೆಯಿಂದ ಬರುವುದು, ನಕ್ಷೆಗೆ ಅದನ್ನು ತುಂಬಿಸಿದವರು ಮನುಷ್ಯರು. ರಸ್ತೆ ಬದಲಾಗಿ ನಕ್ಷೆ ಹಳೆಯದಾಗಿಯೇ ಉಳಿದಿರಲೂಬಹುದು. ಅದೆಲ್ಲ ಸರಿಯಾಗಿದ್ದರೂ ಆಲೆಮನೆಯ ಮುಂದೆ ಟ್ರ್ಯಾಕ್ಟರು ನಿಂತಿದೆಯೆಂದು, ಕಬ್ಬಿನ ಟ್ರ್ಯಾಕ್ಟರು ಕಂಡರೆ ಮಕ್ಕಳು ಬಿಡುವುದಿಲ್ಲವೆಂದು ನಕ್ಷೆಗೆ ಹೇಳುವವರು ಯಾರು? ಅದು ನನಗೆ ಗೊತ್ತಿತ್ತು. ಆ ಮಕ್ಕಳು ನನ್ನವು, ಆ ದಾರಿ ನನ್ನದು. ಇದಕ್ಕಿಂತ ಆಚೆ ಹೋಗಕೂಡದು ಎಂದಷ್ಟೇ ಮಿತಿ ಹೇಳುತ್ತದೆ. ಇಲ್ಲಿಯವರೆಗೆ ಹೋಗು, ಏನೂ ಆಗದು ಎಂದು ಅದು ಎಂದೂ ಮಾತು ಕೊಟ್ಟಿಲ್ಲ. ಮಾತು ಕೊಟ್ಟಿತೆಂದು ಅಂದುಕೊಂಡವಳು ನಾನು.

ಹಾಗೆಂದು ಯಂತ್ರವನ್ನು ಕಿತ್ತೆಸೆಯಲಿಲ್ಲ. ಮೈಸೂರಿಗೆ ಹೋಗುವಾಗ ಸ್ಟ್ಯಾಂಡಿನಲ್ಲಿ ಮೊಬೈಲು ಇರುತ್ತದೆ. ಪರಿಚಯವಿಲ್ಲದ ರಸ್ತೆಯಲ್ಲಿ ಕೆಂಪು ಅಂಕಿ ನನ್ನನ್ನು ಹಲವು ಸಲ ತಡೆದಿದೆ, ಅದರ ಋಣ ನನ್ನ ಮೇಲಿದೆ. ಶಾಲೆಯ ದಾರಿಯಲ್ಲಿ ಮಾತ್ರ ಅದು ಕೈಚೀಲದಲ್ಲಿರುತ್ತದೆ. ನಮ್ಮವರಿಗೆ ಕೊನೆಗೂ ಹೇಳಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ನಾಲ್ಕು ಕಿಲೋಮೀಟರಿನ ತಮಾಷೆಯನ್ನು ಮತ್ತೆ ಎಂದೂ ಮಾಡಲಿಲ್ಲ.

ತರಗತಿಯಲ್ಲೂ ಒಂದು ಪ್ರಯೋಗ ಮಾಡಿದೆ. ಲೀಡರ್ ಕೈಗೆ ಸೀಮೆಸುಣ್ಣ ಕೊಡದೆ, "ಪಕ್ಕದ ಕೋಣೆಯವರಿಗೆ ಪರೀಕ್ಷೆಯಿದೆ, ಅವರಿಗೆ ಕಷ್ಟವಾಗದಂತೆ ಇರಿ" ಎಂದಷ್ಟೇ ಹೇಳಿ ಹೋದೆ. ಹಿಂದಿರುಗಿದಾಗ ಗದ್ದಲವಿತ್ತು. ಎರಡನೆಯ ಸಲವೂ ಇತ್ತು. ಮೂರನೆಯ ಸಲ ಬಾಗಿಲ ಹತ್ತಿರ ಬಂದಾಗ, "ಲೋ, ಮೆಲ್ಲಗೆ ಕಣ್ರೋ, ಅವರು ಬರೀತವ್ರೆ" ಎಂಬ ಪಿಸುಮಾತು ಕೇಳಿಸಿತು. ಇಷ್ಟರಿಂದ ಏನನ್ನೂ ಸಾಧಿಸಿ ತೋರಿಸಿದೆನೆಂದು ನಾನು ಹೇಳಲಾರೆ.

ಈಗಲೂ ಆಲೆಮನೆ ಬಂದ ಕೂಡಲೇ ಕಾರು 20ಕ್ಕಿಳಿಯುತ್ತದೆ, ಟ್ರ್ಯಾಕ್ಟರು ಇರಲಿ ಇಲ್ಲದಿರಲಿ. ಹಿಂದಿನ ವಾಹನದವರು ಹಾರನ್ ಬಾರಿಸುತ್ತಾರೆ. ಬಾರಿಸಲಿ. ಕಟ್ಟೆಯ ಮೇಲಿನ ಅಜ್ಜಿ ಕೈಯೆತ್ತಿ ಹೋಗೆನ್ನುತ್ತಾಳೆ, ಆಮೇಲೆ ಹೋಗುತ್ತೇನೆ.