ಹಳೆಯ ಪೆಡಲಿಗೆ ಎಣ್ಣೆ ಹಾಕುವುದು ಸರಿಯೇ?

ಹಳೆಯ ವಸ್ತುವೊಂದನ್ನು ಕಾಪಾಡುತ್ತೇವೆ ಎನ್ನುವಾಗ ನಾವು ಕಾಪಾಡುವುದು ಅದರ ಲೋಹವನ್ನೋ, ಅದು ಮಾಡುತ್ತ ಬಂದ ಕೆಲಸವನ್ನೋ? ದೇವಸ್ಥಾನದ ಜೀರ್ಣೋದ್ಧಾರದಂಥ ದೊಡ್ಡ ಸಂದರ್ಭದಲ್ಲಿ ಇದನ್ನು ಕೇಳಿದರೆ ಭಕ್ತಿ, ಮಾನಾಪಮಾನ ಎಲ್ಲ ನಡುವೆ ಬರುತ್ತವೆ. ಚಿಕ್ಕದೊಂದನ್ನೇ ಎತ್ತಿಕೊಳ್ಳೋಣ: ಷಿಕಾಗೋದ ವಿಲಿಯಂ ಎಫ್. ಲುಡ್ವಿಗ್ 1937ರ ಸುಮಾರಿಗೆ ಮಾರುಕಟ್ಟೆಗೆ ತಂದ ‘ಸ್ಪೀಡ್ ಕಿಂಗ್’ ಎಂಬ ಬಾಸ್ ಡ್ರಮ್ ಪೆಡಲ್. ಕಾಲಿನಿಂದ ಒತ್ತಿದಾಗ ಡ್ರಮ್ಮಿಗೆ ಬಡಿಯುವ ಬೀಟರನ್ನು ಹಿಂದಕ್ಕೆ ತರುವ ಸ್ಪ್ರಿಂಗುಗಳು ಅದರ ಎರಡು ಕಂಬಗಳೊಳಗೆ ಅಡಗಿವೆ. ಮೇಲಿನ ಅಡ್ಡದಂಡ ಬಾಲ್ ಬೇರಿಂಗುಗಳ ಮೇಲೆ ಹೊರಳುತ್ತದೆ. ಒಳಗಿನ ಗ್ರೀಸ್ ಒಣಗಿತೆಂದರೆ ಲೋಹಕ್ಕೆ ಲೋಹ ಉಜ್ಜಿ ಕಿರುಗುಟ್ಟುತ್ತದೆ. ಹೊರಗೆ ಹೊಳಪು ಹಾಗೇ ಇದ್ದರೂ ಒಳಗೆ ಸವೆತ ನಡೆದೇ ಇರುತ್ತದೆ.

ವಸ್ತುವೆಂದರೆ ಅದರ ಭಾಗಗಳಷ್ಟೆಯೇ ಎಂಬ ಪ್ರಶ್ನೆ ಹೊಸದಲ್ಲ. ಬಿಡಿಭಾಗಗಳನ್ನು ಬಿಟ್ಟು ರಥವೆಂಬುದೇ ಇಲ್ಲ ಎಂದು ಮಿಲಿಂದ ದೊರೆಗೆ ಬೌದ್ಧ ಭಿಕ್ಷು ನಾಗಸೇನ ವಾದಿಸಿ ತೋರಿಸಿದ. ನ್ಯಾಯ-ವೈಶೇಷಿಕರು ಇದನ್ನು ಒಪ್ಪದೆ, ಅವಯವಗಳಲ್ಲಿ ನೆಲೆಸಿಯೂ ಅವುಗಳಿಂದ ಬೇರೆಯಾದ ಅವಯವಿಯೊಂದು ಇದೆ ಎಂದರು. ಆದರೆ ಒಂದು ಭಾಗ ಕಳಚಿದರೂ ಹಳೆಯ ಅವಯವಿ ಅಳಿದು ಹೊಸದು ಹುಟ್ಟುತ್ತದೆಂದು ಒಪ್ಪಬೇಕಾಯಿತು. ನಮ್ಮ ಪೆಡಲಿಗೆ ಈ ಎರಡೂ ಸಾಲವು. ಎಲ್ಲ ಭಾಗಗಳೂ ಮೂಲದವೇ ಆಗಿ, ಜೋಡಣೆಯೂ ಕೆಡದೆ, ತುಕ್ಕಿನಿಂದ ಕಚ್ಚಿಕೊಂಡ ಪೆಡಲಿನಲ್ಲಿ ಇಲ್ಲದ್ದೇನು? ಚಲನೆ ಮಾತ್ರ. ಸವೆದ ಸ್ಪ್ರಿಂಗ್ ಬದಲಿಸಿ ಎಣ್ಣೆ ಬಿಟ್ಟರೆ ಅದೇ ಪೆಡಲ್ ಮರಳುತ್ತದೆ. ಅರ್ಥಕ್ರಿಯೆಗೆ, ಅಂದರೆ ಫಲ ಕೊಡುವ ಕೆಲಸಕ್ಕೆ, ಸಮರ್ಥವಾದದ್ದೇ ‘ಸತ್’ (ನಿಜವಾಗಿ ಇರುವಂಥದ್ದು) ಎಂದ ಬೌದ್ಧ ದಾರ್ಶನಿಕ ಧರ್ಮಕೀರ್ತಿಯ ಮಾತು ಇಲ್ಲಿ ನನಗೆ ಹೆಚ್ಚು ನಿಜವೆನಿಸುತ್ತದೆ. ಕಚ್ಚಿಕೊಂಡ ಕಬ್ಬಿಣವೂ ಏನಾದರೊಂದು ಮಾಡುತ್ತದೆ, ಕಾಗದ ಹಾರದಂತೆ ಹಿಡಿದಿಡುತ್ತದೆ. ಪೆಡಲಿನ ಕೆಲಸ ಮಾತ್ರ ಅದರಿಂದಾಗದು. ಹಾಗಾಗಿ ಎಣ್ಣೆ ವಸ್ತುವಿಗೆ ಹೊರಗಿನಿಂದ ಸೇರಿದ ಉಪಚಾರವೆನ್ನಲಾರೆ. ವಸ್ತು ತಾನಾಗಿ ಉಳಿಯುವ ಬಗೆಯೇ ಅದು.

ಹಳೆಯ ಕೊಳೆ, ತುಕ್ಕು ಎಲ್ಲವೂ ಚರಿತ್ರೆಯ ಸಾಕ್ಷಿ, ಮುಟ್ಟಬಾರದು ಎಂಬ ಆಕ್ಷೇಪಕ್ಕೆ ಬಲವಿದೆ. ಉಜ್ಜುವ ಪಾಲಿಶ್ ಹಳೆಯ ಡ್ರಮ್ಮಿನ ರಿಮ್ಮಿನ ನಿಕಲ್ ಲೇಪವನ್ನೇ ಕಿತ್ತುಹಾಕುತ್ತದೆ. ಹೋದ ಲೇಪ ಮರಳದು. ಅಂಥ ಹೊಳಪಿನ ಹಂಬಲವನ್ನು ನಾನೂ ಒಪ್ಪುವುದಿಲ್ಲ. ಆದರೆ ಡ್ರಮ್ಮಿನ ಹೊದಿಕೆ ಬಿಗಿಸುವ ಟೆನ್ಶನ್ ರಾಡಿನ ತಿರುಪಿಗೆ ಸವರಿದ ತೆಳು ಗ್ರೀಸನ್ನು ನಾಳೆ ಒರೆಸಬಹುದು, ಅದು ಏನನ್ನೂ ಅಳಿಸುವುದಿಲ್ಲ. ಒಣಗಲು ಬಿಟ್ಟರೇ ಸಾಕ್ಷಿ ಪುಡಿಯಾಗಿ ಉದುರುವುದು. 1970ರ ‘ಸಿನ್ಸ್ ಐವ್ ಬೀನ್ ಲವಿಂಗ್ ಯೂ’ ಹಾಡಿನಲ್ಲಿ ಡ್ರಮ್ಮರ್ ಜಾನ್ ಬೊನಮ್‌ರ ಸ್ಪೀಡ್ ಕಿಂಗ್ ಕಿರುಗುಟ್ಟುವುದು ಸ್ಪಷ್ಟವಾಗಿ ಕೇಳುತ್ತದೆ, ಕೇಳುಗರು ಅದನ್ನು ಪ್ರೀತಿಸಿದ್ದಾರೆ. ಆ ಸದ್ದು ಧ್ವನಿಮುದ್ರಣದಲ್ಲಿ ಭದ್ರವಾಗಿದೆ. ಇನ್ನೊಂದು ಪೆಡಲನ್ನು ಬೇಕೆಂದೇ ಒಣಗಿಸಿದರೆ ಸಿಗುವುದು ಸವೆತವೇ ಹೊರತು ಆ ಸಂಗೀತವಲ್ಲ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ವೈರಾಗ್ಯದ್ದು: ಅಳಿಯುವುದು ಅಳಿಯಲಿ, ಎಣ್ಣೆ ಹಾಕುವುದು ಮೋಹ. ಆದರೆ ವಸ್ತು ಶಾಶ್ವತವೆಂದು ನಂಬಿದವನು ಎಣ್ಣೆಯನ್ನೇಕೆ ಹುಡುಕುತ್ತಾನೆ? ಎಣ್ಣೆಯೂ ಅನಿತ್ಯವೇ, ಧೂಳು ಸೇರಿ ಜಿಗುಟಾಗುತ್ತದೆ, ಅದನ್ನು ಒರೆಸಿ ಹೊಸದು ಬಿಡಬೇಕು, ಮತ್ತೆ ಒರೆಸಬೇಕು. ಅನಿತ್ಯವನ್ನು ಮಾತಿನಲ್ಲಿ ಒಪ್ಪುವುದಕ್ಕಿಂತ ಇದು ಕಠಿಣವಾದ ಸಾಧನೆ. ಅಪರಿಗ್ರಹಕ್ಕೂ ಇದರಿಂದ ಭಂಗವಿಲ್ಲ. ಆರೈಕೆ ಪಡೆದ ಪೆಡಲ್ ಒಡೆಯನಿಗಿಂತ ಹೆಚ್ಚು ಕಾಲ ಬಾಳಿ ಇನ್ನೊಬ್ಬರಿಗೆ ಸಲ್ಲುತ್ತದೆ. ತುಕ್ಕು ಹಿಡಿಯಲು ಬಿಟ್ಟವನು, ತನ್ನ ನಂತರ ಅದು ಯಾರ ಕಾಲಿಗೂ ಒದಗದಂತೆ ಮಾಡಿರುತ್ತಾನೆ.