ಕೊಡುವ ಮೊದಲು ಸಲ್ಲಬೇಕಾದದ್ದು

ದಸರೆ, ದೀಪಾವಳಿ ಬಂತೆಂದರೆ ಗದಗ-ಬೆಟಗೇರಿಯ ಕಚೇರಿಗಳಲ್ಲಿ ಜವಾನರಿಗೆ, ಕಸ ಗುಡಿಸುವವರಿಗೆ ಏನು ಕೊಡಬೇಕೆಂಬ ಮಾತು ಏಳುತ್ತದೆ: ಬೆಟಗೇರಿ ಮಗ್ಗದ ಸೀರೆಯೋ, ಸ್ವೀಟ್ ಬಾಕ್ಸೋ, ಲಕೋಟೆಯೋ? ಅದಕ್ಕೂ ಮೊದಲಿನ ಪ್ರಶ್ನೆ, ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂಬುದು. 1965ರ ಬೋನಸ್ ಕಾಯ್ದೆ ತನ್ನ ವ್ಯಾಪ್ತಿಯ ಸಂಸ್ಥೆಗಳಲ್ಲಿ ಕನಿಷ್ಠ ಬೋನಸನ್ನು ಹಕ್ಕಾಗಿಸಿತು, ಮುಂದೆ ತಿದ್ದುಪಡಿಯಿಂದ ಅದು ವೇತನದ ಶೇ. 8.33ಕ್ಕೆ ಏರಿತು. ಹಾರ ಹಾಕಿ, ಫೋಟೊ ತೆಗೆಸಿಕೊಂಡು ಕೊಟ್ಟರೂ ಅದು ದಾನವಲ್ಲ, ಬಾಕಿ ತೀರಿಸಿದ್ದಷ್ಟೇ. 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಲ್ಲಿಯೇ ಸುರಿದು ಬನ್ನಿ ಎಂದ ಕಥೆ ಈ ಸೀಮೆಯವರಿಗೆ ಹೊಸದಲ್ಲ. ಅದನ್ನೇ ಹಿಡಿದು ಕೆಲವರು, ಕಾಯಕಕ್ಕೆ ಉಡುಗೊರೆ ಯಾಕೆ ಎನ್ನುತ್ತಾರೆ. ಜಾಣ ವಾದ! ಆದರೆ ಲಕ್ಕಮ್ಮ ಬೇಡವೆಂದದ್ದು ತನ್ನ ಮನೆಗೆ ಬಂದದ್ದನ್ನು. ಸಾಕೆನ್ನುವ ಹಕ್ಕು ಉಣ್ಣುವವರದು, ಬಡಿಸುವವರದಲ್ಲ.

ಇನ್ನು ಹೇಗೆ ಕೊಡಬೇಕೆಂಬುದಕ್ಕೆ ಹಬ್ಬದಲ್ಲೇ ಮಾದರಿ ಇದೆ. ವಿಜಯದಶಮಿಯ ಸಂಜೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಬನ್ನಿ ಎಲೆ ಎರಡೂ ಕಡೆಯಿಂದ ಕೈ ಬದಲಾಗುತ್ತದೆ. ಕಾಲು ಮುಟ್ಟುವವರು ವಯಸ್ಸಿಗೆ ಸಣ್ಣವರು, ಹುದ್ದೆಗೆ ಸಣ್ಣವರಲ್ಲ. ಆ ಲೆಕ್ಕಕ್ಕೆ ಐವತ್ತು ದಾಟಿದ ಜವಾನರ ಮುಂದೆ ಮೂವತ್ತರ ಮ್ಯಾನೇಜರ್ ಬಾಗಬೇಕು. ಬಾಕಿ ತೀರಿಸಿದ ಮೇಲೆ ಉಡುಗೊರೆ ಕೊಡುವುದಾದರೆ ರೊಕ್ಕವೇ ವಾಸಿ, ಸೀರೆಯ ಬಣ್ಣ ಉಡುವವರೇ ಆರಿಸಲಿ. ರೊಕ್ಕದಲ್ಲಿ ಪ್ರೀತಿ ಕಾಣದು ಎನ್ನುವವರು ಲಕೋಟೆಯ ಮೇಲೆ ಅವರ ಪೂರ್ತಿ ಹೆಸರು ಬರೆಯಲಿ. ಎಷ್ಟೋ ಕಚೇರಿಗಳಲ್ಲಿ ಅದನ್ನು ಮೊದಲು ವಿಚಾರಿಸಬೇಕಾದೀತು.