ಹೆರಿಗೆ ರಜೆ: ಕುರ್ಚಿ ಯಾರ ಅಮಾನತು?

ಮನೆಯಲ್ಲಿ ಮಗಳೋ ಸೊಸೆಯೋ ಬಸುರಿ ಎಂದು ತಿಳಿದರೆ ನಾವೆಲ್ಲ ಎಷ್ಟು ಬೇಗ ಸಿದ್ಧರಾಗುತ್ತೇವೆ! ಹಳೆಯ ಹತ್ತಿಬಟ್ಟೆ ಒಗೆದಿಡುತ್ತೇವೆ, ಅಟ್ಟದ ಮೇಲಿನ ತೊಟ್ಟಿಲನ್ನು ಕೆಳಗಿಳಿಸುತ್ತೇವೆ, ಬಾಣಂತನ ಯಾರ ಮನೆಯಲ್ಲಿ ಎಂದು ಮಾತಾಡಿಕೊಳ್ಳುತ್ತೇವೆ. ಇದಕ್ಕಾಗಿ ಬಸುರಿಯಿಂದ ಅರ್ಜಿ ಬರೆಸಿಕೊಳ್ಳುವುದಿಲ್ಲ. ಅದೇ ಹೆಣ್ಣುಮಗಳು ಶಾಲೆಯಲ್ಲೋ ಕಚೇರಿಯಲ್ಲೋ ದುಡಿಯುವವಳಾದರೆ ಅಲ್ಲಿನ ಸಿದ್ಧತೆಯೆಲ್ಲ ಅವಳೊಬ್ಬಳ ತಲೆಯ ಮೇಲೆ. ಯಾವಾಗ ಹೇಳಲಿ, ಹೇಗೆ ಹೇಳಲಿ, ಯಾರ ಮುಖ ಗಂಟಾಗುತ್ತದೋ ಎಂಬ ಅಳುಕಿನಲ್ಲೇ ಅವಳ ಮೊದಲ ತಿಂಗಳುಗಳು ಕಳೆಯುತ್ತವೆ. ತಾಯಿಯಾಗಲಿರುವವಳು ಕೆಲಸದ ಜಾಗಕ್ಕೆ ಏನನ್ನು ಸಲ್ಲಿಸಬೇಕು? ಆ ಜಾಗ ಅವಳಿಗೆ ಏನನ್ನು ಸಲ್ಲಿಸಬೇಕು? ಈ ಲೆಕ್ಕವನ್ನೊಮ್ಮೆ ಪ್ರಾಮಾಣಿಕವಾಗಿ ಮಾಡಿ ನೋಡಬೇಕಾಗಿದೆ.

ಕಾನೂನು ತನ್ನ ಪಾಲಿನ ಲೆಕ್ಕವನ್ನು ಮಾಡಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಸಂಬಳಸಹಿತ 12 ವಾರಗಳ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳ ಮಟ್ಟಿಗೆ ಅದನ್ನು 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಅವಧಿ ಉಳಿದಿದೆ. ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ 80 ದಿನ ದುಡಿದಿದ್ದರೆ ಸಾಕು. ಈ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವಂತಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟು ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಈ ಸೌಲಭ್ಯ ಸಲ್ಲಬೇಕೆಂದು ತೀರ್ಪು ಕೊಟ್ಟಿತು. ರಜೆಗೆ ಮುಂಚೆ ಲಿಖಿತ ನೋಟಿಸು ಕೊಡಬೇಕೆಂದು ಹೇಳಿದ 1961ರ ಕಾಯ್ದೆಯೇ, ನೋಟಿಸು ಕೊಡಲಾಗದೆ ಹೋದರೂ ಹಕ್ಕು ತಪ್ಪುವುದಿಲ್ಲ ಎಂದೂ ಹೇಳಿತ್ತು. ಅಂದರೆ ಅವಳು ಕೊಡುವುದು ತಿಳಿವಳಿಕೆಯ ಪತ್ರ. ಅದನ್ನು ಕ್ಷಮಾಪಣೆಯ ಪತ್ರವೆಂಬಂತೆ ಮೇಜಿನ ಮೇಲಿಡಬೇಕಾದ ವಾತಾವರಣವನ್ನು ಕಾನೂನು ಸೃಷ್ಟಿಸಿದ್ದಲ್ಲ, ನಾವು ಸೃಷ್ಟಿಸಿದ್ದು.

ಹಕ್ಕಿದೆ ಎಂದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ ಎಂಬುದೂ ನಿಜ. ಪರೀಕ್ಷೆ ಹತ್ತಿರವಿರುವಾಗ ರಜೆಗೆ ಹೊರಡುವ ಟೀಚರು, ಯಾವ ಪಾಠ ಮುಗಿದಿದೆ, ಯಾವ ಹುಡುಗ ಲೆಕ್ಕದಲ್ಲಿ ಹಿಂದಿದ್ದಾನೆ, ಯಾವ ಹುಡುಗಿಗೆ ಕೊನೆಯ ಬೆಂಚಿನಿಂದ ಬೋರ್ಡು ಕಾಣಿಸದು ಎಂಬುದನ್ನು ಮುಂದೆ ಬರುವವರಿಗೆ ಬರೆದಿಟ್ಟು ಹೋಗಬೇಕು. ಆ ಮಕ್ಕಳಿಗೆ ಅವಳು ಅಷ್ಟನ್ನು ಸಲ್ಲಿಸಬೇಕು. ಬಹುಪಾಲು ಹೆಂಗಸರು ಇದನ್ನು ಯಾರೂ ಹೇಳದೆಯೇ ಮಾಡುತ್ತಾರೆ.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಇದ್ದ ಹಾಗೆಯೇ ಮರಳಿಸಬೇಕಾದದ್ದು. ಆ ಮಾತು ಕನ್ನಡದ ಕಚೇರಿಗಳಿಗೆ ಬಂದು ‘ಅಮಾನತು’ ಆಯಿತು. ನೌಕರನನ್ನು ಅಮಾನತು ಮಾಡಿದರು ಎಂದರೆ ಕೆಲಸದಿಂದ ದೂರವಿಟ್ಟರು ಎಂದರ್ಥ. ಬಾಣಂತಿಯ ಕುರ್ಚಿಯನ್ನು ಈ ಎರಡರಲ್ಲಿ ಯಾವ ಅರ್ಥದಲ್ಲಿ ನಾವು ಇಟ್ಟುಕೊಂಡಿದ್ದೇವೆ? ಕೆಲವು ಖಾಸಗಿ ಶಾಲೆಗಳಲ್ಲಿ ‘ಈಗ ರಾಜೀನಾಮೆ ಕೊಡಿ, ಜೂನಿನಲ್ಲಿ ಮತ್ತೆ ಬನ್ನಿ’ ಎನ್ನುತ್ತಾರೆ. ಜೂನಿನಲ್ಲಿ ಹೋದರೆ ಅವಳು ಹೊಸಬಳು. ಹಿಂದಿನ ವರ್ಷಗಳ ಸೇವೆಗೆ ಲೆಕ್ಕವಿಲ್ಲ, ಸಂಬಳವೂ ಮೊದಲಿನಿಂದ. ಇನ್ನು ಕೆಲವೆಡೆ ಹೆರಿಗೆಯಾದ ಹದಿನೈದನೆಯ ದಿನಕ್ಕೇ ‘ಮೇಡಂ, ಒಂದೇ ನಿಮಿಷ, ಆ ಫೈಲು ಎಲ್ಲಿಟ್ಟಿದ್ದೀರಿ?’ ಎಂದು ಫೋನು ಬರುತ್ತದೆ. ಅವಳ ಕೆಲಸವನ್ನು ಪಕ್ಕದ ಮೇಜಿನವರಿಗೆ ಹಂಚಿ, ಅವರಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡದೆ ಆರು ತಿಂಗಳು ದುಡಿಸುತ್ತಾರೆ. ಆ ಸಹೋದ್ಯೋಗಿಗಳ ಸಿಟ್ಟು ಹಂಚಿದವರ ಮೇಲೆ ತಿರುಗುವುದಿಲ್ಲ, ಬಾಣಂತಿಯ ಮೇಲೆ ತಿರುಗುತ್ತದೆ.

ಸಂಸ್ಥೆ ನಡೆಸುವವರ ಮಾತನ್ನೂ ಕೇಳಬೇಕು. ಇ.ಎಸ್.ಐ. ವ್ಯಾಪ್ತಿಯಲ್ಲಿರುವವರಿಗೆ ಹೆರಿಗೆಯ ಹಣವನ್ನು ಆ ನಿಗಮ ಕೊಡುತ್ತದೆ. ಉಳಿದವರ 26 ವಾರಗಳ ಸಂಬಳ ಮಾಲೀಕರ ಕಿಸೆಯಿಂದಲೇ ಹೋಗಬೇಕು. ಹೀಗಾಗಿ ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕೆಲವರು ಹಿಂದೆಮುಂದೆ ನೋಡುತ್ತಾರೆ. ಈ ಹಣ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಹೇಳುತ್ತದೆ. ನ್ಯಾಯವಾದ ಮಾತು. ನಾಳಿನ ನಾಡಿಗಾಗಿ ಹುಟ್ಟುವ ಮಗುವಿನ ಭಾರವನ್ನು ನಾಡೂ ಹೊರಬೇಕು. ಆದರೆ ಆ ದಿನ ಇನ್ನೂ ಬಂದಿಲ್ಲವೆಂಬ ಕಾರಣಕ್ಕೆ ಬಾಣಂತಿಯ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟುಬಿಡುವುದು ನ್ಯಾಯವಾಗದು. ಆರು ತಿಂಗಳ ಮುಂಚೆ ತಿಳಿದಿರುವ ವಿಷಯಕ್ಕೆ ಒಬ್ಬ ತಾತ್ಕಾಲಿಕ ನೌಕರಳನ್ನು ನೇಮಿಸಿ, ಎರಡು ವಾರ ಜೊತೆಯಲ್ಲಿ ಕೂರಿಸಿ ಕೆಲಸ ಕಲಿಸುವುದು ಅಸಾಧ್ಯವೇನಲ್ಲ. ಅವಳು ಮರಳಿ ಬಂದ ಮೇಲೂ ಬಾಕಿಯಿದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಅವಳ ಹಕ್ಕು. 50 ಮಂದಿ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು.

ಯಜಮಾನರೇ ಇಲ್ಲದ ಹೆಂಗಸರ ಪಾಡೇನು? ಮನೆಯಲ್ಲೇ ಬಟ್ಟೆ ಹೊಲಿಯುವವಳು, ಸ್ವಂತವಾಗಿ ವಕೀಲಿ ನಡೆಸುವವಳು, ಟ್ಯೂಷನ್ ಹೇಳುವವಳು, ಇವರಿಗೆ 26 ವಾರಗಳ ಕಾಯ್ದೆ ಅನ್ವಯಿಸುವುದಿಲ್ಲ. ಇವರಿಗೆ ಸಂಬಳ ಕೊಡುವವರು ಗಿರಾಕಿಗಳು. ವಕೀಲೆ ತನ್ನ ಕಕ್ಷಿದಾರರನ್ನು ಕರೆದು, ಮುಂದಿನ ವಾಯಿದೆ ಯಾವತ್ತು, ಅಂದು ಯಾರು ನಿಲ್ಲುತ್ತಾರೆ, ಕಾಗದಪತ್ರ ಯಾರ ಬಳಿ ಇವೆ ಎಂದು ಮೊದಲೇ ಹೇಳುತ್ತಾಳೆ. ಹೊಲಿಗೆಯವಳು ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಿ ಕೊಡುತ್ತಾಳೆ. ಅವರು ತಮ್ಮ ಪಾಲಿನದನ್ನು ಸಲ್ಲಿಸಿದರು. ನಾವು ಸಲ್ಲಿಸಬೇಕಾದದ್ದು ಏನು ಎಂದು ಕೇಳಿಕೊಂಡವರು ನಮ್ಮಲ್ಲಿ ಎಷ್ಟು ಜನ?

ಹಬ್ಬಕ್ಕೆ ಬೇರೆ ಕಡೆ ಹೊಲಿಸಿಕೊಳ್ಳೋಣ, ತಪ್ಪಿಲ್ಲ. ಹಳೆಯ ಬಾಕಿಯಿದ್ದರೆ ಅವಳು ಆಸ್ಪತ್ರೆಗೆ ಹೋಗುವ ಮುನ್ನ ಕೊಟ್ಟುಬಿಡೋಣ. ‘ಇನ್ನು ಮಗುವಿನ ಕೈಯಲ್ಲಿ ಅವಳೇನು ಹೊಲಿದಾಳು’ ಎಂದು ನಾಲ್ಕು ಜನರ ಮುಂದೆ ಆಡುವ ಮಾತನ್ನು ನುಂಗಿಕೊಳ್ಳೋಣ. ಆರು ತಿಂಗಳ ನಂತರ ಅವಳ ಹೊಲಿಗೆಯಂತ್ರದ ಸದ್ದು ಕೇಳಿಸಿದ ದಿನ, ಮತ್ತೆ ಬಟ್ಟೆ ತೆಗೆದುಕೊಂಡು ಅವಳ ಬಾಗಿಲಿಗೇ ಹೋಗೋಣ. ನಮ್ಮ ಅಳತೆ ಅವಳ ಪುಸ್ತಕದಲ್ಲಿ ಹಾಗೆಯೇ ಇರುತ್ತದೆ.